ಒಂದರ ಪಕ್ಕದ ಸೊನ್ನೆ

ಇಪ್ಪತ್ತು ಹೆರಿಗೆ ಮಾಡಿಸಬೇಕಿತ್ತು. ಇಪ್ಪತ್ತೂ ಒಂದು ಉದ್ದನೆಯ ಪುಸ್ತಕಕ್ಕೆ ಏರಬೇಕು, ಒಂದೊಂದರ ಕೆಳಗೂ ಡಾಕ್ಟ್ರಮ್ಮನ ರುಜು ಬೀಳಬೇಕು, ಆಮೇಲೆ ಮಂಡ್ಯಕ್ಕೆ ಹೋಗಿ ಪರೀಕ್ಷೆ ಕೊಡಬೇಕು. ಆಗ ಸರ್ಟಿಫಿಕೇಟು. ನನ್ನ ಪುಸ್ತಕದಲ್ಲಿ ಹದಿನೇಳು ಆಗಿದ್ದವು. ಈಗ ಬರೆಯುತ್ತಿರುವುದು ಅದರ ಮುಂದಿನದನ್ನು. ಅದು ಆ ಪುಸ್ತಕಕ್ಕೆ ಏರಲಿಲ್ಲ.

ಯುದ್ಧದ ಕಾಲ. ಮಂಡ್ಯದಲ್ಲಿ ಕೆಲವು ತಿಂಗಳು ಕಲಿಸಿ, ಉಳಿದದ್ದನ್ನು ಮಾಡಿ ಕಲಿಯಲಿ ಎಂದು ನನ್ನನ್ನು ಮದ್ದೂರಿಗೂ ಮಳವಳ್ಳಿಗೂ ನಡುವಿನ ಒಂದು ಸಣ್ಣ ಆಸ್ಪತ್ರೆಗೆ ಹಾಕಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಇದರಲ್ಲಿ ಬರುವ ಮನೆಯವರ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಹೆಂಚಿನ ಕಟ್ಟಡ, ಮುಂದೆ ಹೊಂಗೆ ಮರ, ಹೆಂಗಸರಿಗೆ ಆರು ಮಂಚ. ಡಾಕ್ಟ್ರಮ್ಮ, ಕಾಂಪೌಂಡರು, ಒಬ್ಬಳು ಆಯಾ, ಆಮೇಲೆ ನಾನು. ನನಗೆ ಇಪ್ಪತ್ತು ತುಂಬಿರಲಿಲ್ಲ. ಗಂಡ ಸತ್ತು ಎರಡು ವರ್ಷವಾಗಿತ್ತು. ಮೂರನೇ ಕ್ಲಾಸು ಓದಿದ್ದೆ ಎಂಬ ಒಂದೇ ಕಾರಣಕ್ಕೆ ಈ ಕೆಲಸಕ್ಕೆ ಸೇರಿಸಿಕೊಂಡಿದ್ದರು. ಫೇಲಾದರೆ ತಿರುಗಿ ಭಾವನ ಮನೆಯ ಕೊಟ್ಟಿಗೆ. ಹೆದರಿಕೆ ಅಲ್ಲಿಂದಲೇ ಶುರುವಾಗಿತ್ತು.

ಡಾಕ್ಟ್ರಮ್ಮ ಮೈಸೂರಿನ ಕಡೆಯವರು. ಕೂಗಾಡುತ್ತಿರಲಿಲ್ಲ. ತಪ್ಪು ಮಾಡಿದರೆ ಸುಮ್ಮನೆ ಮುಖ ನೋಡುತ್ತಿದ್ದರು. ಕೂಗಾಡಿದ್ದರೆ ವಾಸಿಯಿತ್ತು.

ಮೊದಲು ಔಷಧಿಯ ವಿಷಯ ಹೇಳಬೇಕು. ಮಗು ಹುಟ್ಟಿ ಅತ್ತ ಮೇಲೆ ಅದರ ಕಣ್ಣಿಗೆ ಒಂದೊಂದು ಹನಿ ಔಷಧಿ ಬಿಡಬೇಕು. ಬೆಳ್ಳಿಯಿಂದ ಮಾಡಿದ ಔಷಧಿ ಅದು. ನಾವು ಬೆಳ್ಳಿ ಹನಿ ಎನ್ನುತ್ತಿದ್ದೆವು. ತಾಯಿಗೆ ಏನಾದರೂ ಕೆಟ್ಟ ಕಾಯಿಲೆಯಿದ್ದರೆ ಹೆರಿಗೆಯ ದಾರಿಯಲ್ಲಿ ಮಗುವಿನ ಕಣ್ಣಿಗೆ ಹತ್ತಿ ಕುರುಡಾಗದಿರಲಿ ಎಂದು. ಹನಿ ಬಿಟ್ಟು ಸ್ವಲ್ಪ ಹೊತ್ತಿಗೆ ಉಪ್ಪುನೀರಿನಿಂದ ತೊಳೆಯಬೇಕು. ಉಪ್ಪು ಸೋಕಿದರೆ ಆ ಔಷಧಿ ಹಾಲೊಡೆದ ಹಾಗೆ ಬೆಳ್ಳಗೆ ಒಡೆದು ತನ್ನ ಉರಿ ಕಳೆದುಕೊಳ್ಳುತ್ತದೆ. ಇದೇ ಔಷಧಿಯ ಹತ್ತರಷ್ಟು ಖಾರದ್ದು ಇನ್ನೊಂದು ಸೀಸೆಯಲ್ಲಿತ್ತು. ವಾಸಿಯಾಗದ ಹುಣ್ಣಿನ ಮೇಲೆ ಬೆಳೆದ ಕೆಟ್ಟ ಮಾಂಸವನ್ನು ಸುಡುವುದಕ್ಕೆ ಅದು.

ಬಿಸಿಲು ಬಿದ್ದರೆ ಕೆಡುತ್ತದೆ ಎಂದು ಎರಡನ್ನೂ ಕಂದು ಬಣ್ಣದ ಸಣ್ಣ ಸೀಸೆಯಲ್ಲಿ ಇಡುತ್ತಿದ್ದರು. ಎರಡರ ಮೇಲೂ ಇಂಗ್ಲಿಷಿನಲ್ಲಿ ಬರೆದ ಚೀಟಿ. ಆ ಅಕ್ಷರ ನನಗೆ ಬಾರದು, ಇಂಗ್ಲಿಷ್ ಅಂಕಿ ಮಾತ್ರ ಮಂಡ್ಯದಲ್ಲಿ ಕಲಿತಿದ್ದೆ. ಕಣ್ಣಿಗೆ ಬಿಡುವುದರ ಮೇಲೆ ಒಂದು ಎಂದಿತ್ತು, ಸುಡುವುದರ ಮೇಲೆ ಹತ್ತು. ಆದರೆ ನಾನು ಅಂಕಿಯನ್ನೂ ನೋಡುತ್ತಿರಲಿಲ್ಲ. ಒಂದರ ಸೀಸೆಯ ಕುತ್ತಿಗೆಗೆ ಕೆಂಪು ದಾರ ಕಟ್ಟಿಟ್ಟಿದ್ದೆ. ದಾರ ಕಂಡರೆ ಕೈ ಹೋಗುತ್ತಿತ್ತು. ಡಾಕ್ಟ್ರಮ್ಮ ಒಂದು ಸಲ ಹೇಳಿಯೂ ಇದ್ದರು.

“ದಾರ ನೋಡಬೇಡ. ಚೀಟಿ ನೋಡು.”

“ಆಗ್ಲಿ ಅಮ್ಮ” ಎಂದೆ. ದಾರವನ್ನು ಬಿಚ್ಚಲಿಲ್ಲ.

ಆಯುಧ ಪೂಜೆ ಬಂತು. ಕಾಂಪೌಂಡರು ಆಚಾರವಂತರು. ಹಿಂದಿನ ದಿನವೇ ಕಪಾಟಿನ ಸಾಮಾನನ್ನೆಲ್ಲ ಕೆಳಗಿಳಿಸಿ, ಒರೆಸಿ, ಗೋಡೆಯ ಪಕ್ಕ ಉದ್ದಕ್ಕೆ ಮಣೆ ಹಾಕಿ ಜೋಡಿಸಿದರು. ಇಕ್ಕಳ, ಕತ್ತರಿ, ಸೂಜಿಮದ್ದಿನ ಪಿಚಕಾರಿ, ತಕ್ಕಡಿ, ಔಷಧಿ ಅರೆಯುವ ಕಲ್ಲು, ಅದರ ಹಿಂದೆ ಸೀಸೆಗಳ ಸಾಲು.

“ಸೀಸೇನೂ ಆಯುಧವಾ ಸ್ವಾಮಿ?” ಎಂದು ಆಯಾ ಕೇಳಿದಳು.

“ನನ್ನ ಹೊಟ್ಟೆ ಹೊರೆಯೋದು ಯಾವುದೋ ಅದೇ ನನ್ನ ಆಯುಧ ಕಣಮ್ಮ” ಎಂದರು.

ಹಬ್ಬದ ಬೆಳಿಗ್ಗೆ ಡಾಕ್ಟ್ರಮ್ಮ ಮೂರು ಮೈಲಿ ದೂರದ ಹಳ್ಳಿಗೆ ಹೊರಟಿದ್ದರು. ಅಲ್ಲಿ ವಾಂತಿಭೇದಿ ಕಾಣಿಸಿಕೊಂಡಿತ್ತು; ಊರಿಗೆಲ್ಲ ಸೂಜಿ ಚುಚ್ಚಬೇಕು. ಗಾಡಿ ಹತ್ತುವಾಗ ಹೇಳಿದರು, “ಹೆರಿಗೆ ತಟ್ಟೆ ಒಂದನ್ನ ಮುಟ್ಟಬೇಡಿ. ಉಳಿದಿದ್ದು ನಿಮ್ಮಿಷ್ಟ.” ಕಾಂಪೌಂಡರು ಹೆರಿಗೆ ತಟ್ಟೆ ಮುಟ್ಟಲಿಲ್ಲ. ಬೆಳ್ಳಿ ಹನಿ ಇರುತ್ತಿದ್ದದ್ದು ತಟ್ಟೆಯಲ್ಲಲ್ಲ, ಕಪಾಟಿನಲ್ಲಿ. ಅದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾನು ಪೂಜೆಯ ಹತ್ತಿರ ಹೋಗಲಿಲ್ಲ. ಗಂಡ ಸತ್ತವಳು ಮಂಗಳಾರತಿ ಹೊತ್ತಿಗೆ ಎದುರು ನಿಲ್ಲಬಾರದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ಹಜಾರದಲ್ಲಿ ಬಟ್ಟೆ ಕುದಿಸುತ್ತಾ ಕೂತಿದ್ದೆ. ಗಂಟೆ ಕೇಳಿಸಿತು, ಬೂದುಗುಂಬಳಕಾಯಿ ಒಡೆದ ಸದ್ದು ಕೇಳಿಸಿತು. ಕಾಂಪೌಂಡರು ಊಟಕ್ಕೆ ಮನೆಗೆ ಹೋದರು. ಆಯಾ ಕೂಡ ಹಬ್ಬ ಎಂದು ಹೋದಳು.

ಅವರು ಹೋದ ಹಿಂದೆಯೇ ಜಟಕಾ ಬಂದು ಹೊಂಗೆ ಮರದ ಕೆಳಗೆ ನಿಂತಿತು. ಮದ್ದೂರು ರೈಲಿಗೆ ಜನ ಸಾಗಿಸುವ ಸಾಬರ ಜಟಕಾ. ಆ ಊರವನೇ. ಹಿಂದೆ ಅವನ ತಾಯಿ, ತಾಯಿಯ ಭುಜ ಕಚ್ಚಿಕೊಂಡು ಅವನ ಹೆಂಡತಿ. ಹಿಂದಿನ ಎರಡು ಕೂಸು ಮನೆಯಲ್ಲೇ ಹುಟ್ಟಿ, ಹತ್ತು ದಿನ ದಾಟದೆ ಹೋಗಿದ್ದವು. ಸಾಬರ ಬೀದಿಯಿಂದ ಆಸ್ಪತ್ರೆಗೆ ಹೆರಿಗೆಗೆ ಬಂದವರಲ್ಲಿ ಅವಳೇ ಮೊದಲು.

“ಎಲ್ಲಮ್ಮಾ ಡಾಕ್ಟ್ರು?” ಅತ್ತೆ ಕೇಳಿದಳು.

“ಅಳ್ಳಿಗೋಗವ್ರೆ. ಸಂಜೀಕೆ ಬತ್ತಾರೆ.”

“ಅಲ್ಲೀಗಂಟ ಯಾರ್ ನೋಡೋರು?”

“ನಾನೇ.”

ಅವಳು ನನ್ನನ್ನು ಮೇಲಿನಿಂದ ಕೆಳಗೆ ಅಳೆದಳು. “ನಿಂಗೆಷ್ಟ್ ಮಕ್ಳು?”

“ಇಲ್ಲ.”

“ಎತ್ತಿಲ್ದೋಳು ನೀನು, ಎರ್ಗೆ ಮಾಡುಸ್ತೀಯಾ?”

“ಅದ್ನೇಳ್ ಮಾಡ್ಸಿವ್ನಿ.”

“ಅದ್ನೇಳೂ ಬದುಕವಾ?”

“ಅದ್ನಾರು” ಎಂದೆ. ಸುಳ್ಳು ಹೇಳಿ ಏನಾಗಬೇಕು?

ಮುದುಕಿ, “ದಿಟ ಯೋಳ್ತಾಳೆ, ಒಳೀಕೆ ನಡಿ” ಎಂದು ಸೊಸೆಯನ್ನು ತಳ್ಳಿಕೊಂಡು ಬಂದಳು.

ಹೆರಿಗೆ ಕಷ್ಟವಾಗಲಿಲ್ಲ. ಮೂರನೇ ಮಗು, ದಾರಿ ಗೊತ್ತಿತ್ತು. ಮೊಣಕೈವರೆಗೆ ಕಾರ್ಬಾಲಿಕ್ ಸೋಪಿನಲ್ಲಿ ತಿಕ್ಕಿ ತೊಳೆದುಕೊಂಡೆ. ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ತಲೆ ಕಂಡಿತು. ಹೆಣ್ಣು. ಬಾಯಿ ಒರೆಸಿದ ಕೂಡಲೇ ಅತ್ತಿತು. ಹೊಕ್ಕುಳಬಳ್ಳಿಯ ಮಿಡಿತ ನಿಲ್ಲುವವರೆಗೆ ಎರಡು ಬೆರಳಿನಲ್ಲಿ ಹಿಡಿದಿದ್ದು, ಎರಡು ಕಡೆ ಕಟ್ಟಿ, ನಡುವೆ ಕತ್ತರಿಸಿದೆ. ಕುದಿಸಿದ ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಮಡಿಲಿಗೆ ಕೊಟ್ಟೆ. ಇನ್ನು ಬೆಳ್ಳಿ ಹನಿ.

ಕಪಾಟು ಖಾಲಿ. ಆಗ ನೆನಪಾಯಿತು.

ಮಣೆಯ ಹತ್ತಿರ ಹೋಗಿ ನಿಂತೆ. ಚೆಂಡುಹೂವಿನ ವಾಸನೆ, ಕರ್ಪೂರದ ಮಸಿ. ಪೂಜೆ ಮಾಡಿಟ್ಟ ಆಯುಧವನ್ನು ವಿಜಯದಶಮಿ ಬೆಳಗಾಗುವವರೆಗೆ ಎತ್ತಬಾರದು. ಅದನ್ನು ಮೀರುವುದಕ್ಕೆ ನನಗೆ ಹೆದರಿಕೆಯಾಗಲಿಲ್ಲ, ಕೂಸು ಹುಟ್ಟಿತ್ತಲ್ಲ. ಹೆದರಿಕೆಯಾದದ್ದು ಸೀಸೆ ನೋಡಿ. ಹಳೆಯ ದಾರ ಹಬ್ಬಕ್ಕೆ ಕೊಳಕು ಎಂದು ಕಾಂಪೌಂಡರು ನನ್ನ ಕೆಂಪು ದಾರವನ್ನು ಕತ್ತರಿಸಿ, ಎಲ್ಲ ಸೀಸೆಗೂ ಅರಿಸಿನ ದಾರ ಕಟ್ಟಿಬಿಟ್ಟಿದ್ದರು. ಎಲ್ಲದರ ಹೊಟ್ಟೆಗೂ ಮೂರು ಗೆರೆ ವಿಭೂತಿ, ನಡುವೆ ಎಂಟಾಣೆ ಅಗಲ ಕುಂಕುಮ. ಕುಂಕುಮ ಸರಿಯಾಗಿ ಚೀಟಿಯ ಮೇಲೆ ಕೂತಿತ್ತು. ಎರಡು ಕಂದು ಸೀಸೆ, ಅವಳಿ ಮಕ್ಕಳ ಹಾಗೆ.

ಸೆರಗಿನಿಂದ ಒಂದು ಸಲ ಒರೆಸಿದ್ದರೆ ಅಂಕಿ ಕಾಣುತ್ತಿತ್ತು. ಕೈ ಮುಂದೆ ಹೋಯಿತು, ನಿಂತಿತು. ನನ್ನ ಹಣೆಯದನ್ನು ಬೇರೆಯವರು ಒರೆಸಿದ ದಿನದಿಂದ ನಾನು ಕುಂಕುಮ ಮುಟ್ಟಿರಲಿಲ್ಲ. ಮುಟ್ಟಿದರೆ ಇಡೀ ಕೇರಿ ಬಾಯಿ ಮಾಡುತ್ತಿತ್ತು. ದೇವರ ಮುಂದಿನ ಕುಂಕುಮವನ್ನು ನನ್ನಂಥವಳು ಒರೆಸಿದರೆ ಯಾರಿಗೆ ಕೇಡು, ಆ ಕೂಸಿಗೋ, ಕಾಂಪೌಂಡರ ಮನೆಗೋ ಎಂದು ಯೋಚನೆ ಹೋಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಹೆದರಿಕೆಯಷ್ಟೇ ಆಗಿದ್ದು.

ಕಪಾಟಿನಲ್ಲಿ ಒಂದರ ಸೀಸೆ ಎಡಗಡೆ ಇರುತ್ತಿತ್ತು. ಅದೇ ಸಾಲಿನಲ್ಲೇ ಜೋಡಿಸಿರುತ್ತಾರೆ ಎಂದುಕೊಂಡೆ. ಎಡಗಡೆಯದನ್ನು ಎತ್ತಿಕೊಂಡೆ.

ರೆಪ್ಪೆ ಬಿಡಿಸಿ ಬಲಗಣ್ಣಿಗೆ ಒಂದು ಹನಿ ಬಿಟ್ಟೆ. ಎಡಗಣ್ಣಿಗೆ ಬಿಡುವಾಗ ಕೂಸು ಕೊಸರಿತು, ಎರಡು ಹನಿ ಬಿತ್ತು. ಉಪ್ಪುನೀರಿನ ಬಟ್ಟಲಿಗೆ ಕೈ ಚಾಚುವಷ್ಟರಲ್ಲಿ ಮಂಚದ ಮೇಲಿಂದ ಬಾಣಂತಿ, “ಅಮ್ಮಾ, ಕೆಳ್ಗೆ ಬಿಸಿ ಬಿಸಿ ಓಯ್ತಾ ಅದೆ” ಎಂದಳು. ಕಸ, ಅಂದರೆ ಮಾಸು, ಬಿದ್ದ ಮೇಲೂ ರಕ್ತ ನಿಂತಿರಲಿಲ್ಲ. ಹಾಸಿಗೆ ತೊಯ್ದಿತ್ತು. ಅತ್ತ ಓಡಿದೆ. ಕೆಳಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಉಜ್ಜುತ್ತಾ ಕೂತೆ. ಗರ್ಭಕೋಶ ಮೆತ್ತಗಿದ್ದರೆ ರಕ್ತ ಹರಿಯುತ್ತದೆ, ಚೆಂಡಿನಷ್ಟು ಗಟ್ಟಿಯಾದರೆ ನಿಲ್ಲುತ್ತದೆ. ತಟ್ಟೆಯಲ್ಲಿದ್ದ ಕಹಿ ಔಷಧಿಯನ್ನು ಒಂದು ಗುಟುಕು ಕುಡಿಸಿದೆ. ಗಟ್ಟಿಯಾಗುವುದಕ್ಕೆ ಕಾಲು ಗಂಟೆಯಾದರೂ ಹಿಡಿದಿರಬೇಕು.

ಅಷ್ಟು ಹೊತ್ತೂ ಕೂಸು ಅಳುತ್ತಿತ್ತು. ಹಸಿವಿನ ಅಳು ಗೊತ್ತು, ಚಳಿಯ ಅಳು ಗೊತ್ತು. ಇದು ಬೇರೆ.

“ಯಾಕಮ್ಮಾ ಇಂಗ್ ಕಿರುಚ್ತದೆ?” ಅಜ್ಜಿ ಕೇಳಿದಳು. “ಎದೆ ಆಲು ಎರ್ಡ್ ತೊಟ್ಟು ಕಣ್ಗೆ ಇಂಡ್ಲಾ? ತಂಪಾಯ್ತದೆ.”

“ಏನೂ ಆಕ್ಬ್ಯಾಡಿ!” ಎಂದು ಕೂಗಿಕೊಂಡೆ. ಕೈ ತೊಳೆದು ಬಂದು ಕೂಸನ್ನು ಕಿಟಕಿಯ ಬೆಳಕಿಗೆ ತಂದು ರೆಪ್ಪೆ ಬಿಡಿಸಿದೆ.

ರೆಪ್ಪೆಯ ಒಳಗೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಕೆನ್ನೆಯ ಮೇಲೆ ಹನಿ ಇಳಿದ ಜಾಗದಲ್ಲಿ ಕರೀ ಗೆರೆ ಮೂಡಿತ್ತು. ಬೆಳ್ಳಿ ಹನಿ ಬಟ್ಟೆಗೆ ಬಿದ್ದರೆ ಕಲೆಯಾಗುವುದು ಹೌದು, ಆದರೆ ಸಂಜೆಯ ಹೊತ್ತಿಗೆ ತೆಳ್ಳಗೆ ಕಂದು. ಇದು ಆಗಲೇ ಕಾಡಿಗೆ. ನನ್ನ ಹೆಬ್ಬೆರಳ ತುದಿಯೂ ಕಪ್ಪು.

ಸೀಸೆ ತಗೊಂಡೆ. ಹೆಬ್ಬೆರಳಿನಿಂದ ಕುಂಕುಮ ಒರೆಸಿದೆ. ಈಗ ಕೈ ಹಿಂಜರಿಯಲಿಲ್ಲ. ಒಂದು ಕಂಡಿತು. ಇನ್ನೂ ಒರೆಸಿದೆ. ಒಂದರ ಪಕ್ಕದಲ್ಲಿ ಸೊನ್ನೆ.

ಮಂಚದ ಕೋಲು ಹಿಡಿದುಕೊಂಡೆ. ಓಡಿಹೋಗಬೇಕು ಅನ್ನಿಸಿತು. ಎಲ್ಲಿಗೆ ಎಂದು ಗೊತ್ತಿದ್ದರೆ ಓಡಿಯೇ ಹೋಗುತ್ತಿದ್ದೆನೇನೋ.

ಉಪ್ಪುನೀರಿನ ಬಟ್ಟಲನ್ನು ಒಂದೇ ಸಲಕ್ಕೆ ಎರಡೂ ಕಣ್ಣಿಗೆ ಸುರಿದೆ. ಬೆಳ್ಳಗೆ ಒಡೆದ ಹಾಲಿನಂಥದ್ದು ಇಳಿಯಿತು. ಕುದಿಸಿ ಆರಿಸಿದ ನೀರು ಇತ್ತು, ಉಪ್ಪು ಅಡುಗೆ ಕೋಣೆಯಲ್ಲಿತ್ತು. ಸೇರು ನೀರಿಗೆ ಒಂದು ಚಮಚ. ನಾಲಿಗೆಗೆ ಹಚ್ಚಿ ನೋಡಿದರೆ ಕಣ್ಣೀರಿನಷ್ಟು ಉಪ್ಪಿರಬೇಕು, ಹೆಚ್ಚಾದರೂ ಕೆಡುಕು. ಹತ್ತಿಯಲ್ಲಿ ಅದ್ದಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಒಂದು ಕಣ್ಣಿನ ನೀರು ಇನ್ನೊಂದಕ್ಕೆ ಹೋಗದ ಹಾಗೆ, ತೊಳೆದೆ, ತೊಳೆದೆ. ಆ ಬೆಳ್ಳನೆಯದು ಇಳಿಯುವುದು ನಿಂತಿತು. ರೆಪ್ಪೆಯ ಒಳಗಿನ ಸುಣ್ಣ ಹಾಗೇ ಇತ್ತು.

ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದಳು.

ಕಾಂಪೌಂಡರು ಹೋಳಿಗೆ ಊಟ ಮಾಡಿ ಎಲೆ ಅಡಿಕೆ ಅಗಿಯುತ್ತಾ ಬಂದರು. ಅವರನ್ನು ಹಜಾರಕ್ಕೆ ಕರೆದು ಸೀಸೆ ತೋರಿಸಿದೆ. ಬಾಯಲ್ಲಿದ್ದದ್ದನ್ನು ಅಲ್ಲೇ ಉಗಿದರು. ಅವರ ಮುಖ ವಿಭೂತಿಗಿಂತ ಬೆಳ್ಳಗಾಯಿತು.

“ಯಾರಿಗೆ ಹೇಳಿದೆ?”

“ಯಾರ್ಗೂ ಇಲ್ಲ.”

“ಹೇಳಬೇಡ. ನೋಡಮ್ಮಾ, ಆಗಿದ್ದು ಆಗಿಹೋಯ್ತು. ತೊಳೆದಿದೀಯ. ಹುಟ್ಟಿದ ಮಗು ಕಣ್ಣು ಕೆಂಪಾಗೋದು, ಊದೋದು ಇದ್ದಿದ್ದೇ. ಆಮೇಲೆ ಏನಾದ್ರೂ ಆದ್ರೆ ಹುಟ್ಟಿನಿಂದಲೇ ಹಾಗೆ ಅಂತಾರೆ. ನನಗೆ ಐದು ಮಕ್ಕಳು ಕಣಮ್ಮ.”

“ಡಾಕ್ಟ್ರಮ್ಮನ್ನ ಕರೀಬೇಕು ಸ್ವಾಮಿ. ಈಗ್ಲೇ.”

“ಕರೆಸೋಣ. ಬೇಡ ಅಂದೆನಾ? ನಾನೇ ನಾಲ್ಕು ಸಾಲು ಬರೀತೀನಿ.” ಕಾಗದ ತಗೊಂಡು ಇಂಗ್ಲಿಷಿನಲ್ಲಿ ಸರಸರ ಬರೆದರು. ಅಕ್ಷರ ಮುತ್ತಿನ ಹಾಗಿತ್ತು.

“ಏನಂತ ಬರ್ದ್ರಿ?”

“ಮಗೂಗೆ ಕಣ್ಣು ಸ್ವಲ್ಪ ಕೆಂಪಗಿದೆ, ಬಿಡುವಾದಾಗ ಬನ್ನಿ ಅಂತ.”

ಬಿಡುವಾದಾಗ. ಊರಿಗೆಲ್ಲ ಸೂಜಿ ಚುಚ್ಚಿ ಬಿಡುವಾಗುವುದು ದೀಪ ಹಚ್ಚುವ ಹೊತ್ತಿಗೆ. ಡಾಕ್ಟ್ರಮ್ಮ ಈಗ ಬಂದರೆ ಏನು ಮಾಡುತ್ತಾರೋ ನನಗೆ ಗೊತ್ತಿರಲಿಲ್ಲ. ಆಗ ಬಂದರೆ ಏನೂ ಮಾಡುವುದಕ್ಕೆ ಉಳಿದಿರುವುದಿಲ್ಲ ಎಂದು ಮಾತ್ರ ಗೊತ್ತಿತ್ತು. ಕಾಗದದ ಮೇಲೆ ಅವರು ಹೇಳಿದ್ದೇ ಇದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಓದಲು ಬಂದರೆ ತಾನೆ?

ಆ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಒಳಗೆ ಹೋಗಿ ಹೆರಿಗೆ ಪುಸ್ತಕದ ಕೊನೆಯ ಹಾಳೆ ಹರಿದು, ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದೆ. ಅಕ್ಷರ ಹುಳದ ಹಾಗೆ ಹರಿದವು. “ಕೂಸಿನ ಕಣ್ಣಿಗೆ ಒಂದರ ಬದಲು ಹತ್ತರ ಬೆಳ್ಳಿ ಹನಿ ಹಾಕಿದ್ದೇನೆ. ಬಲಕ್ಕೆ ಒಂದು ಎಡಕ್ಕೆ ಎರಡು. ಕಾಲು ಗಂಟೆ ಆದ ಮೇಲೆ ಉಪ್ಪುನೀರು. ಒಳಗೆ ಬೆಳ್ಳಗಿದೆ. ಬೇಗ ಬನ್ನಿ.” ಕೆಳಗೆ ನನ್ನ ಹೆಸರು. ಹೆಸರು ಬರೆಯುವಾಗ, ಭಾವನ ಮನೆಗೆ ನಾನೇ ಕಾಗದ ಬರೆದುಕೊಟ್ಟ ಹಾಗಾಯಿತು ಅಂದುಕೊಂಡೆ.

ಜಟಕಾದವನು ಮರದ ಕೆಳಗೆ ಕುದುರೆಗೆ ಹುಲ್ಲು ಹಾಕುತ್ತಿದ್ದ. ಹೆಣ್ಣು ಎಂದು ತಿಳಿದೂ ನಗುನಗುತ್ತಲೇ ಇದ್ದ; ಬದುಕಿತಲ್ಲ, ಅದೇ ಸಾಕಾಗಿತ್ತು ಅವನಿಗೆ.

“ಇದ್ನ ಡಾಕ್ಟ್ರಮ್ಮನ ಕೈಗೆ ಕೊಟ್ಟು ಕೂಡಿಸ್ಕಂಡ್ ಬಾಣ್ಣ. ಓಡಿಸ್ಕಂಡೋಗು” ಎಂದೆ.

ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. “ನಂಗೆ ಓದಾಕ್ ಬರಾಕಿಲ್ಲ ನರ್ಸಮ್ಮ. ಏನ್ ಬರ್ದದೆ? ಅವ್ಳಿಗೇನಾರ ಆಯ್ತಾ?”

ಅವಳಿಗೆ ಸ್ವಲ್ಪ ಸುಸ್ತು ಎಂದು ಹೇಳಿ ಕಳಿಸಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಕಾಗದ ವಾಪಸು ತಗೊಂಡು ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಅವನ ನಗು ಹೋಯಿತು. “ಅಂಗಂದ್ರೆ?”

“ನಾನು ಸೀಸೆ ತೆಪ್ ಆಕ್ಬುಟ್ಟಿವ್ನಿ. ಉಣ್ಣು ಸುಡೋ ಔಸ್ದಿ.”

“ಕಣ್ ಓಯ್ತದಾ?”

“ಗೊತ್ತಿಲ್ಲ ಕಣಣ್ಣ.”

ಚಾಟಿ ಅವನ ಕೈಯಲ್ಲೇ ಇತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಬೀಸಲಿ ಎಂದೇ ಇದ್ದೆನೋ ಏನೋ. ಅವನು ಹುಲ್ಲಿನ ಚೀಲವನ್ನು ಕಾಲಿನಲ್ಲಿ ಒದ್ದು, ಕುದುರೆ ಕಟ್ಟಿ, ಹತ್ತಿ ಹೊರಟುಹೋದ. ಗಾಲಿಯ ಸದ್ದು ಸಂತೆ ಮಾಳ ದಾಟುವವರೆಗೆ ಕೇಳಿಸಿತು.

ತಿರುಗಿದರೆ ಬಾಗಿಲಲ್ಲಿ ಅಜ್ಜಿ. ಎಲ್ಲ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ. “ನಿಂತ್ಕಂಡಿರ್ಬ್ಯಾಡ, ಬಾ ಇಲ್ಲಿ. ಆಕ್ದೋಳು ನೀನೇ ತೊಳಿ. ನಾನ್ ತಲೆ ಇಡ್ಕೋತೀನಿ” ಎಂದಳು.

ಡಾಕ್ಟ್ರಮ್ಮ ಬರುವ ಹೊತ್ತಿಗೆ ನೆರಳು ಹಜಾರದ ಎರಡನೇ ಕಂಬಕ್ಕೆ ಬಂದಿತ್ತು. ಕೈಯಲ್ಲಿ ನನ್ನ ಕಾಗದ. ಒಳಗೆ ಬಂದವರೇ ಕೂಸಿನ ರೆಪ್ಪೆ ಬಿಡಿಸಿ ನೋಡಿದರು. ಮಣೆ ನೋಡಿದರು, ಸೀಸೆ ನೋಡಿದರು, ನನ್ನ ಕಪ್ಪಾದ ಹೆಬ್ಬೆರಳು ನೋಡಿದರು.

“ಉಪ್ಪು ಎಷ್ಟು ಹಾಕಿದೆ?”

“ಸೇರಿಗೆ ಚಮ್ಚ.”

“ತೊಳೆಯೋದು ನಿಲ್ಲಿಸಿದೆಯಾ?”

“ಇಲ್ಲ ಅಮ್ಮ.”

“ನಿಲ್ಲಿಸಬೇಡ.”

ಅಷ್ಟೇ. ರೆಪ್ಪೆ ಅಂಟಿಕೊಳ್ಳದ ಹಾಗೆ ಒಂದು ಮುಲಾಮು ಹಚ್ಚಿದರು. ಗಂಟೆಗೊಂದು ಸಲ ತೊಳೆಯುವುದು, ದಿನಕ್ಕೆ ಮೂರು ಸಲ ಮುಲಾಮು. ಕಾಂಪೌಂಡರನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಏನು ಮಾತಾಡಿದರೋ ತಿಳಿಯದು. ಹೊರಗೆ ಬಂದ ಕಾಂಪೌಂಡರು ಒಂದೊಂದೇ ಸೀಸೆಯ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಪಾಟಿಗೆ ಏರಿಸಿದರು. ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನ ಎರಡೂ ಕಣ್ಣು ಬದನೆಕಾಯಿಯ ಹಾಗೆ ಊದಿಕೊಂಡವು. ರೆಪ್ಪೆ ಬಿಡಿಸಲು ಆಗುತ್ತಿರಲಿಲ್ಲ, ಒಳಗೆ ಏನು ಉಳಿದಿದೆ ಎಂದು ಯಾರಿಗೂ ಕಾಣದು. ಕೀವು ಬರುತ್ತಿತ್ತು. ನಾನು ತೊಳೆಯುತ್ತಿದ್ದೆ, ಅಜ್ಜಿ ತಲೆ ಹಿಡಿಯುತ್ತಿದ್ದಳು, ಬಾಣಂತಿ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಜಟಕಾದವನು ಬಾಡಿಗೆಗೆ ಹೋಗದೆ ಮರದ ಕೆಳಗೇ ಕೂತಿರುತ್ತಿದ್ದ. ನೀರು ತರಲು ಬಾವಿಗೆ ಹೋಗಬೇಕಾದರೆ ಅವನ ಮುಂದೆಯೇ ಹಾದುಹೋಗಬೇಕು. ಅವನು ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ತೊಳೆಯುತ್ತಿರುವಾಗ ಅಜ್ಜಿ ಕೇಳಿದಳು. “ಆ ಸೀಸೆ ತತ್ತಾ ಇಲ್ಲಿ.”

“ಯಾಕಮ್ಮಾ?”

“ನೀನೇನ್ ತೆಪ್ ಮಾಡ್ದೆ ಅಂತ ನಾನ್ ನೋಡ್ಬೇಕು.”

ಎರಡೂ ಸೀಸೆ ತಂದು ಪಕ್ಕಪಕ್ಕ ಇಟ್ಟೆ. ಇದು ಒಂದು, ಇದು ಹತ್ತು ಎಂದು ಬೆರಳಿಟ್ಟು ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಸೊನ್ನೆಯ ಮೇಲೆ ಉಗುರು ಇಟ್ಟಳು.

“ಇಷ್ಟೇಯಾ?”

“ಇಷ್ಟೇ.”

“ಕಡ್ಳೆ ಕಾಳ್ನಷ್ಟಿಲ್ವಲ್ಲೇ ಇದು” ಎಂದಳು.

ಆರನೆಯ ಬೆಳಿಗ್ಗೆ ಊತ ಇಳಿದು ಬಲಗಣ್ಣು ತಾನೇ ಅರೆ ತೆರೆಯಿತು. ಡಾಕ್ಟ್ರಮ್ಮ ಕಿಟಕಿಯ ಹತ್ತಿರ ಎತ್ತಿಕೊಂಡು ನೋಡಿದರು. ತಿಳಿ. ಕಪ್ಪುಗುಡ್ಡೆ ಒದ್ದೆ ದ್ರಾಕ್ಷಿಯ ಹಾಗೆ ಹೊಳೆಯುತ್ತಿತ್ತು. ಎಡಗಣ್ಣು ಬಿಡಿಸಿದರು. ಕರೀಗುಡ್ಡೆಯ ಕೆಳಗಿನ ಅಂಚಿನಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ.

“ನಡುವೆ ಬಂದಿಲ್ಲ. ಅಂಚಿನಲ್ಲೇ ನಿಂತಿದೆ” ಎಂದರು. “ಕಾಣುತ್ತೋ ಇಲ್ಲವೋ ಈಗಲೇ ಹೇಳೋಕಾಗಲ್ಲ. ನಲವತ್ತು ದಿನ ಕಳೀಲಿ. ಆಗ ಮಗು ಬೆಳಕಿನ ಹಿಂದೆ ಕಣ್ಣು ಆಡಿಸುತ್ತೆ.”

ಬಾಣಂತಿ ಕೂಸನ್ನು ಎತ್ತಿಕೊಂಡು ಮನೆಗೆ ಹೋದ ಮೇಲೆ ಡಾಕ್ಟ್ರಮ್ಮ ನನ್ನನ್ನು ಕೂರಿಸಿಕೊಂಡರು. ಪುಸ್ತಕ ತೆಗೆದು ಹದಿನೆಂಟನೆಯ ಸಾಲಿಗೆ ಅಡ್ಡ ಗೆರೆ ಎಳೆದರು. ನನ್ನ ಕಾಗದವನ್ನು ಆ ಹಾಳೆಗೆ ಗುಂಡುಸೂಜಿಯಲ್ಲಿ ಚುಚ್ಚಿದರು. ಮಂಡ್ಯಕ್ಕೆ ವರದಿ ಹೋಗುತ್ತದೆ, ಈ ಸಲ ಪರೀಕ್ಷೆಗೆ ಕೂರುವಂತಿಲ್ಲ, ಇನ್ನು ಆರು ತಿಂಗಳು ಇಲ್ಲೇ ಎಂದರು.

“ಮನೆಗೆ ಕಳಿಸಾಕಿಲ್ವಾ ಅಮ್ಮ?”

“ಕಾಂಪೌಂಡರ ಕಾಗದ ಬಂದಿದ್ದರೆ ನಾನು ಸಂಜೆ ಬರ್ತಿದ್ದೆ” ಎಂದರು. ಅವರಿಗೆ ಆ ಇಂಗ್ಲಿಷ್ ಕಾಗದದ ವಿಷಯ ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ. ಕಾಂಪೌಂಡರೇ ಹೇಳಿರಬೇಕು. ಮನುಷ್ಯ ಕೆಟ್ಟವನಲ್ಲ.

ಮುಂದಿನ ದಿನಗಳನ್ನು ಹೇಗೆ ಕಳೆದೆನೋ. ಇನ್ನೊಂದು ಹೆರಿಗೆ ಬಂತು. ಹನಿ ಬಿಡುವಾಗ ಚೀಟಿಯನ್ನು ಮೂರು ಸಲ ಓದಿದೆ, ಆದರೂ ಕೈ ಎತ್ತಲಾಗಲಿಲ್ಲ. ಡಾಕ್ಟ್ರಮ್ಮ ಹಿಂದೆ ನಿಂತು, “ಬಿಡು” ಎಂದರು. ಬಿಟ್ಟೆ. ಸಂಜೆಯವರೆಗೆ ಗಳಿಗೆಗೊಂದು ಸಲ ಹೋಗಿ ಆ ಮಗುವಿನ ಕೆನ್ನೆ ಕಪ್ಪಾಯಿತಾ ಎಂದು ನೋಡುತ್ತಿದ್ದೆ. ಬೀದಿಯಲ್ಲಿ ಜಟಕಾ ಗಾಲಿ ಕೇಳಿಸಿದರೆ ಹಜಾರದಿಂದ ಒಳಗೆ ಸರಿಯುತ್ತಿದ್ದೆ.

ನಲವತ್ತು ದಿನ ಕಳೆದು ಅವರು ಬಂದರು. ಮೂವರೂ ಬಂದರು. ಕಿಟಕಿಗೆ ಕಂಬಳಿ ಕಟ್ಟಿ ಕೋಣೆ ಕತ್ತಲು ಮಾಡಿದೆವು. ಅಜ್ಜಿ ಸೊಂಟದ ಬೀಗದ ಕೈ ಗೊಂಚಲು ತೆಗೆದು ಆಡಿಸಹೋದಳು. ಡಾಕ್ಟ್ರಮ್ಮ ತಡೆದರು. “ಅದು ಬೇಡ. ಸದ್ದಿಗೆ ತಿರುಗಿದರೆ ಕಣ್ಣಿಗೆ ಕಂಡಿತು ಅಂತ ನಾವು ಮೋಸ ಹೋಗ್ತೀವಿ.” ಮೇಣದಬತ್ತಿ ಹಚ್ಚಿ ನನ್ನ ಕೈಗೆ ಕೊಟ್ಟರು. “ನೀನೇ ಹಿಡಿ.”

ಮೊದಲು ಬಲಗಣ್ಣು. ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿದರು. ಬತ್ತಿ ಅತ್ತ ಹೋಯಿತು, ಕಣ್ಣು ಅತ್ತ ಹೋಯಿತು. ಇತ್ತ ಬಂತು, ಇತ್ತ ಬಂತು. ಸರಿ. ಈಗ ಬಲಗಣ್ಣು ಮುಚ್ಚಿದರು.

ನನ್ನ ಕೈ ಆಡಲಿಲ್ಲ. ಮೇಣ ಹೆಬ್ಬೆರಳ ಮೇಲೆ ಸುರಿದು ಗಟ್ಟಿಯಾಗುತ್ತಿತ್ತು. ಆಡಿಸದಿದ್ದರೆ ಕುರುಡು ಎಂದು ಗೊತ್ತಾಗುವುದಿಲ್ಲವಲ್ಲ, ಹೀಗೇ ನಿಂತುಬಿಡೋಣ ಅನ್ನಿಸಿತು.

“ಅಲ್ಲಾಡ್ಸೇ!” ಅಜ್ಜಿ ಗದರಿದಳು.

ಆಡಿಸಿದೆ. ಕೂಸು ಸುಮ್ಮನಿತ್ತು. ಇನ್ನೊಮ್ಮೆ ಆಡಿಸಿದೆ. ಬಿಳಿ ನುಚ್ಚಿನ ಮೇಲಿಂದ ಕರೀಗುಡ್ಡೆ ನಿಧಾನವಾಗಿ ಹೊರಳಿ ಬತ್ತಿಯ ಹಿಂದೆ ಬಂತು. ಗೋಡೆಯ ಕಡೆ ಹೋದರೆ ಗೋಡೆಯ ಕಡೆ, ಬಾಗಿಲ ಕಡೆ ಬಂದರೆ ಬಾಗಿಲ ಕಡೆ. ಅಜ್ಜಿ ನಂಬಲಿಲ್ಲ. ಇನ್ನೊಂದ್ಸಲ ಅಂದಳು, ಮತ್ತೊಂದ್ಸಲ ಅಂದಳು. ಬತ್ತಿ ಅರ್ಧ ಕರಗುವವರೆಗೆ ನನ್ನ ಕೈಲಿ ಆಡಿಸಿದಳು. ಜಟಕಾದವನು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ. ಸೊಸೆ ಎದ್ದು ಬಂದು ಮಗುವನ್ನು ಡಾಕ್ಟ್ರಮ್ಮನ ಕೈಯಿಂದ ಎತ್ತಿಕೊಂಡಳು.

ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತು, “ಮುಂದ್ಲ ಎರ್ಗೆಗೂ ಇಲ್ಲೀಗೇ ಬತ್ತೀವಿ. ಹಬ್ಬದ ದಿನ ಮಾತ್ರ ಬರಾಕಿಲ್ಲ” ಎಂದಳು. ಡಾಕ್ಟ್ರಮ್ಮ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಂದರು. ಎರಡು ವರ್ಷದ ಮೇಲೆ. ಅಷ್ಟರಲ್ಲಿ ನಾನು ಪರೀಕ್ಷೆ ಪಾಸಾಗಿ ಅಲ್ಲೇ ಕೆಲಸಕ್ಕೆ ನಿಂತಿದ್ದೆ. ಡಾಕ್ಟ್ರಮ್ಮನಿಗೆ ವರ್ಗವಾಗಿತ್ತು. ಆ ಮಧ್ಯಾಹ್ನವೂ ನಾನೊಬ್ಬಳೇ. ಹಿರಿ ಮಗಳು ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು, ಎಡಗಣ್ಣಿನಲ್ಲಿ ಆ ನುಚ್ಚು ಹಾಗೇ ಇತ್ತು. ಗಂಡು ಹುಟ್ಟಿತು. ರಕ್ತ ನಿಂತಿತು. ಉಪ್ಪುನೀರು ಪಕ್ಕಕ್ಕೆ ಇಟ್ಟುಕೊಂಡು, ಕಪಾಟಿನಿಂದ ಸೀಸೆ ತಂದು, ಚೀಟಿ ಓದಿ, ರೆಪ್ಪೆ ಬಿಡಿಸಿದೆ. ಚೀಟಿಯನ್ನು ಇನ್ನೊಮ್ಮೆ ಓದಿದೆ. ಆದರೂ ಹನಿ ಬಿಡಲಾಗಲಿಲ್ಲ. ನಿಂತೆ.

ಅಜ್ಜಿ ಅಂಗೈ ಚಾಚಿದಳು. “ತೋರ್ಸು.”

ಕೊಟ್ಟೆ. ಒಂದಕ್ಷರ ಬಾರದ ಮುದುಕಿ ಸೀಸೆಯನ್ನು ಬೆಳಕಿಗೆ ಹಿಡಿದು, ಚೀಟಿಯ ಮೇಲೆ ಉಗುರು ಆಡಿಸಿಕೊಂಡು ಹೋಗಿ, ಒಂದರ ಹತ್ತಿರ ನಿಂತಳು. ಅದರ ಪಕ್ಕವನ್ನು ಉಗುರಿನಿಂದ ಕೆರೆದು ನೋಡಿದಳು. ತಿರುಗಿ ನನ್ನ ಕೈಗಿಟ್ಟಳು.

“ಸೊನ್ನೆ ಇಲ್ಲ” ಎಂದಳು. “ಆಕು.”